ಅಕ್ಕಿಕಾಳಿನ ಸೈನಿಕ, ಅವನ ಕಾಲಡಿಯ ಮಣ್ಣು

ಸೋನಾ ಮಸೂರಿ ಅಕ್ಕಿಯ ಒಂದು ಕಾಳನ್ನು ನೆಟ್ಟಗೆ ನಿಲ್ಲಿಸಿ. ಅದಕ್ಕೊಂದು ಕೋಟು, ಟೋಪಿ, ಹೆಗಲಿಗೊಂದು ಬಂದೂಕು ಕೊಡಿ. 6 ಮಿಲಿಮೀಟರ್ ಅಳತೆಯ ವಾರ್‌ಗೇಮಿಂಗ್ ಸೈನಿಕ ಇರುವುದು ಹೆಚ್ಚುಕಡಿಮೆ ಅಷ್ಟೇ. ಇಂಥವರಿಗೆ ನೂರಾರು ಲೆಕ್ಕದಲ್ಲಿ ಬಣ್ಣ ಬಳಿದು, ಮೇಜಿನ ಮೇಲೆ ಸಾಲುಗಟ್ಟಿ ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಹಳೆಯ ಕದನಗಳನ್ನು ಮತ್ತೆ ಆಡುವ ಹವ್ಯಾಸ ಬ್ರಿಟನ್ನಿನಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಶೆಫೀಲ್ಡ್‌ನಲ್ಲಿ ಈ 6 ಮಿ.ಮೀ. ಮಂದಿಯದೇ ‘ಜಾಯ್ ಆಫ್ ಸಿಕ್ಸ್’ ಎಂಬ ಮೇಳ ನಡೆಯುತ್ತದೆ. ಅಂಥ ಮೇಜಿನಿಂದ ಮೂರಡಿ ದೂರ ನಿಂತರೆ ಸೈನಿಕನ ಮುಖ ಕಾಣದು, ಕೋಟಿನ ಗುಂಡಿಯಂತೂ ಕಾಣುವುದೇ ಇಲ್ಲ. ಕಣ್ಣಿಗೆ ಬೀಳುವುದು ನೆಲ.

ಆ ನೆಲ ಮಾಡುವ ಕೆಲಸಕ್ಕೆ ‘ಬೇಸಿಂಗ್’ ಎನ್ನುತ್ತಾರೆ. ಬೇಸ್ ಅಂದರೆ ಸೈನಿಕರನ್ನು ಅಂಟಿಸುವ ತೆಳ್ಳನೆಯ ಪಟ್ಟಿ. ಸಾಮಾನ್ಯವಾಗಿ 2 ಮಿ.ಮೀ. ದಪ್ಪದ ಎಂಡಿಎಫ್ ಹಲಗೆ. ಅದು ಬರೀ ಅಲಂಕಾರದ ಪೀಠವಲ್ಲ, ಆಟದ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ. 1990ರಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳಲ್ಲಿ 15 ಮಿ.ಮೀ. ಸೈನಿಕರ ಬೇಸ್ 40 ಮಿ.ಮೀ. ಅಗಲ. ಅದರ ಮೇಲೆ 4 ಜನ ಒತ್ತಾಗಿ ನಿಂತಿದ್ದರೆ ಭರ್ಜಿ ಹಿಡಿದ ದಂಡು, ಬಿಡಿಬಿಡಿಯಾಗಿ ಇಬ್ಬರೇ ಇದ್ದರೆ ಕವಣೆ ಬೀಸಿ ಓಡುವ ಹಗುರ ಪಡೆ. ತಲೆ ಎಣಿಸಿದರೆ ಸಾಕು, ಪಡೆ ಎಂಥದೆಂದು ಎದುರಾಳಿಗೆ ಬಹುಮಟ್ಟಿಗೆ ತಿಳಿಯುತ್ತದೆ.

ಈ ಆಟದ ಹುಟ್ಟಿನಲ್ಲೂ ನೆಲದ್ದೇ ಮೇಲುಗೈ. 1812ರಲ್ಲಿ ರೈಸ್ವಿಟ್ಜ್ ಎಂಬಾತ ಪ್ರಶ್ಯದ ದೊರೆಗೆ ಯುದ್ಧದಾಟದ ಮೇಜೊಂದನ್ನು ಮಾಡಿಕೊಟ್ಟ. ಗುಡ್ಡ, ಹೊಳೆ, ದಾರಿಗಳನ್ನು ಗಾರೆಯ ಬಿಲ್ಲೆಗಳಲ್ಲಿ ಉಬ್ಬುತಗ್ಗಾಗಿ ಮೂಡಿಸಿದ್ದ. ಸೈನ್ಯ ಮಾತ್ರ ಪಿಂಗಾಣಿಯ ಬರೀ ತುಂಡುಗಳು! ನೆಲಕ್ಕೆ ಹೀಗೆ ಮನಸೋತ ಇನ್ನೊಬ್ಬ, ಬ್ರಿಟಿಷ್ ಅಧಿಕಾರಿ ವಿಲಿಯಂ ಸೈಬೋರ್ನ್. 1815ರ ವಾಟರ್ಲೂ ಕದನದ ಮಾದರಿ ಮಾಡಲು ಹೊರಟವನು 1830ರಲ್ಲಿ ಅಲ್ಲಿನ ಲಾ ಹೇ ಸಾಂತ್ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ ನೆಲ ಅಳೆದ. ಬದುಕುಳಿದಿದ್ದ ಅಧಿಕಾರಿಗಳಿಗೆ ಕಾಗದ ಬರೆದು, ನಿಮ್ಮ ಪಡೆ ಎಲ್ಲಿ ನಿಂತಿತ್ತು ಎಂದು ಕೇಳಿದ್ದಷ್ಟೇ ಅಲ್ಲ, ನಿಮ್ಮ ಮುಂದಿನ ಹೊಲದಲ್ಲಿ ಯಾವ ಬೆಳೆ ಇತ್ತು ಎಂದೂ ಕೇಳಿದ. ಗುಂಡು ಹಾರುವ ಹೊತ್ತಿನಲ್ಲಿ ಬೆಳೆ ನೋಡಿ ನೆನಪಿಟ್ಟುಕೊಂಡವರು ಎಷ್ಟು ಮಂದಿಯೋ! 1838ರಲ್ಲಿ ಲಂಡನ್ನಿನ ಜನ ಕಂಡ ಆ ಮಾದರಿಯಲ್ಲಿ 70,000ಕ್ಕೂ ಹೆಚ್ಚು ತವರದ ಬೊಂಬೆಗಳಿದ್ದವು. ಈಗ ಅದು ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಇನ್ನು ಕೈಕೆಲಸಕ್ಕೆ ಬರೋಣ. 6 ಮಿ.ಮೀ. ಕಾಲಾಳುಗಳು ಬಿಡಿಬಿಡಿಯಾಗಿ ಸಿಗುವುದು ಕಡಿಮೆ. ಸಾಮಾನ್ಯವಾಗಿ ನಾಲ್ವರು ಒಂದೇ ಲೋಹದ ಪಟ್ಟಿಯ ಮೇಲೆ ಎರಕವಾಗಿ ಬರುತ್ತಾರೆ. ಬೇಸಿಗೆ ಅಂಟಿಸಿದಾಗ ಆ ಪಟ್ಟಿಯ ಅಂಚು ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ. ಅದನ್ನು ಮುಚ್ಚದೆ ಮುಂದೆ ಹೋದರೆ ಇಡೀ ಪಡೆ ಜಗಲಿಯ ಮೇಲೆ ನಿಂತು ಯುದ್ಧ ಮಾಡಿದ ಹಾಗಿರುತ್ತದೆ. ಗೋಡೆಗೆ ಬಳಸುವ ಪುಟ್ಟಿಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಸಾಲುಗಳ ನಡುವೆ ತುಂಬಿ, ಒದ್ದೆ ಬ್ರಶ್ಶಿನಿಂದ ಸವರಬೇಕು. ಬೇಸರದ ಕೆಲಸ, ನಿಜ. ಆದರೆ ಚೆಂದದ ಬೇಸಿಗೂ ಒರಟು ಬೇಸಿಗೂ ಇರುವ ಅಂತರ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಪುಟ್ಟಿ ಒಣಗಿದ ಮೇಲೆ ಮರಳು. ಮೊದಲ ಸಲ ನಾನು, ನಿಜವಾದ ಮಣ್ಣಿಗಿಂತ ಮಣ್ಣಿನ ಹಾಗೆ ಕಾಣುವುದು ಇನ್ನೇನಿದೆ ಎಂದುಕೊಂಡು ಹೂಕುಂಡದ ಕೆಮ್ಮಣ್ಣನ್ನೇ ಅಂಟಿಸಿದ್ದೆ. ಅಂಟು ಹೀರಿ ಕಪ್ಪಾಗಿ, ಗಂಟುಗಂಟಾಗಿ, ಸಿಪಾಯಿಗಳೆಲ್ಲ ಸಗಣಿಯಲ್ಲಿ ಹೂತುಹೋದಂತಾದರು. ಲೆಕ್ಕ ಹಾಕಿದ ಮೇಲೆ ತಪ್ಪು ತಿಳಿಯಿತು. ಇವರ ಲೋಕ ನಮ್ಮದಕ್ಕಿಂತ 300 ಪಟ್ಟು ಚಿಕ್ಕದು. ಅರ್ಧ ಮಿಲಿಮೀಟರಿನ ಮರಳುಕಣ ಅಲ್ಲಿ 15 ಸೆಂಟಿಮೀಟರಿನ ಕಲ್ಲು. ನನ್ನ ಮಣ್ಣಿನ ಹೆಂಟೆಗಳು ಅವರ ಪಾಲಿಗೆ ಬಂಡೆಗಳಾಗಿದ್ದವು. ಈಗ ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಹುಡಿಯನ್ನಷ್ಟೇ ಬಳಸುತ್ತೇನೆ. ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ, ಬೂಟುಗಳಿಗೆ ತಾಗದಂತೆ ಹಚ್ಚಿ, ಹುಡಿ ಉದುರಿಸಿ, ಒಂದು ರಾತ್ರಿ ಬಿಡಬೇಕು. ಮಳೆಗಾಲವಾದರೆ ಎರಡು ರಾತ್ರಿ. ಅಂಟು ಹಾಲಿನ ಬಣ್ಣ ಬಿಟ್ಟು ತಿಳಿಯಾಗುವವರೆಗೆ ಮುಟ್ಟಬಾರದು.

ಮರಳಿನ ಮೇಲೂ ಬಣ್ಣ ಬಳಿಯಲೇಬೇಕು ಎಂದರೆ ಹೊಸಬರು ನಂಬುವುದಿಲ್ಲ. ಇಷ್ಟು ಸಣ್ಣ ಕಣಗಳಿಂದ ಬೀಳುವ ನೆರಳು ನಮ್ಮ ಕಣ್ಣಿಗೆ ಸಿಗದಷ್ಟು ಸೂಕ್ಷ್ಮ. ಹಾಗಾಗಿ ನೆರಳನ್ನೂ ಬಿಸಿಲನ್ನೂ ನಾವೇ ಬರೆಯಬೇಕು. ಮೊದಲು ನೀರಾದ ಕಡುಗಂದು ಬಣ್ಣ ಹರಿಸಿದರೆ ತಗ್ಗುಗಳಲ್ಲಿ ಇಳಿದು ನಿಲ್ಲುತ್ತದೆ. ಒಣಗಿದ ಮೇಲೆ ‘ಡ್ರೈಬ್ರಶ್’. ಬ್ರಶ್ಶನ್ನು ತಿಳಿಗಂದು ಬಣ್ಣದಲ್ಲಿ ಅದ್ದಿ, ಇನ್ನೇನು ಬಣ್ಣವೇ ಉಳಿದಿಲ್ಲ ಅನ್ನುವ ತನಕ ಕಾಗದದ ಮೇಲೆ ಒರೆಸಿ, ಮರಳಿನ ಮೇಲೆ ಹಗುರವಾಗಿ ಆಡಿಸಬೇಕು. ಬಣ್ಣ ಉಬ್ಬುಗಳ ನೆತ್ತಿಗಷ್ಟೇ ಹತ್ತುತ್ತದೆ. ಕೊನೆಗೆ ಕೆನೆಬಣ್ಣದಲ್ಲಿ ಇನ್ನೊಂದು ಸಲ, ಇನ್ನೂ ಹಗುರವಾಗಿ. ಆ ಒಂದು ಗಳಿಗೆಯಲ್ಲಿ ಮರಳು ಹೋಗಿ ಬಿಸಿಲು ಬಿದ್ದ ಹೊಲ ಎದ್ದುಬರುತ್ತದೆ. ನೂರು ಸಲ ಮಾಡಿದರೂ ನನಗೆ ಅದು ಹಳತಾಗಿಲ್ಲ.

ಹುಲ್ಲಿನ ವಿಷಯದಲ್ಲಿ ಎಲ್ಲರೂ ಅತಿ ಮಾಡುತ್ತಾರೆ. ಮಾದರಿ ರೈಲುಗಳ ಹವ್ಯಾಸಿಗಳೂ ಬಳಸುವ ‘ಸ್ಟ್ಯಾಟಿಕ್ ಗ್ರಾಸ್’ ಎಂಬ ನೈಲಾನ್ ಎಳೆಗಳಿವೆ. ವಿದ್ಯುದಾವೇಶ ಕೊಟ್ಟು ಉದುರಿಸಿದರೆ ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ದೊಡ್ಡ ಬೊಂಬೆಗಳಿಗೆ ಬಲು ಸೊಗಸು. ಆದರೆ 4 ಮಿ.ಮೀ. ಎಳೆ 6 ಮಿ.ಮೀ. ಸಿಪಾಯಿಗೆ ಎದೆಮಟ್ಟ ಬರುತ್ತದೆ, ಕಾಡಿಗೆ ಸೌದೆ ತರಲು ಹೋದವನ ಹಾಗೆ ಕಾಣುತ್ತಾನೆ. ಅವನಿಗೆ ಹಸಿರು ಸ್ಪಂಜಿನ ಪುಡಿಯೇ ಸರಿ. ಹೆಬ್ಬೆರಳು ತೋರುಬೆರಳ ನಡುವೆ ರಂಗೋಲಿ ಪುಡಿ ಹಿಡಿದಂತೆ ಚಿಟಿಕೆ ಹಿಡಿದು ಅಲ್ಲಲ್ಲಿ ಬಿಡಬೇಕು, ಮಣ್ಣು ನಡುನಡುವೆ ಇಣುಕಬೇಕು. ಆ ಹಸಿರು, ಮೇಜಿನ ಹಾಸಿನ ಬಣ್ಣಕ್ಕೂ ಹೊಂದಬೇಕು. ಇಲ್ಲದಿದ್ದರೆ ಪ್ರತಿ ಪಡೆಯೂ ತನ್ನ ಅಂಗಳವನ್ನು ತಾನೇ ಹೊತ್ತು ತಿರುಗಿದಂತಿರುತ್ತದೆ. ಎತ್ತರದ ಪೈರು ಬೇಕಾದಲ್ಲಿ ಬಾಗಿಲ ಬಳಿಯ ತೆಂಗಿನ ನಾರಿನ ಕಾಲೊರಸು ನೆರವಿಗೆ ಬರುತ್ತದೆ. ಅದನ್ನು ತುಂಡು ಮಾಡಿದರೆ ಮಾಗಿದ ಗೋಧಿ ಹೊಲ ಸಿದ್ಧ. ವಿಲಾಯಿತಿಯ ಆಟಗಾರರೂ ಇದನ್ನೇ ಮಾಡುತ್ತಾರೆ.

1815ರ ಜೂನ್‌ನಲ್ಲಿ ವಾಟರ್ಲೂ ಸುತ್ತ ರೈ ಪೈರು ಆಳೆತ್ತರ ಬೆಳೆದು ನಿಂತಿತ್ತು. ಅದನ್ನು ನೆನೆದು ನಾನೊಂದು ಕುದುರೆಪಡೆಯ ಬೇಸ್ ಮಾಡಿದೆ. ಮುಂದಿನ ಅಂಚಿನಲ್ಲಿ ನಾರಿನ ಎಳೆಗಳು ನಿಂತಿವೆ. ಗೊರಸುಗಳ ಹಿಂದೆ ಅವನ್ನೇ ಅಂಟಿನಲ್ಲಿ ಮಲಗಿಸಿ ಕಂದು ಬಳಿದು, ತುಳಿದುಬಂದ ಜಾಡು ಮಾಡಿದ್ದೇನೆ. ಮೂರು ಸಂಜೆ ಹಿಡಿದ ಕೆಲಸ. ಮೊದಲ ಆಟದ ಎರಡನೇ ಸರದಿಯಲ್ಲೇ ದಾಳ ಕೈಕೊಟ್ಟಿತು, ಪಡೆ ಬೆನ್ನು ತಿರುಗಿಸಿ ಓಡಬೇಕಾಯಿತು. ನಿಯಮದಂತೆ ಬೇಸನ್ನು ಹಿಂದುಮುಂದಾಗಿ ಇಟ್ಟೆ. ತಾವೇ ತುಳಿದುಬಂದ ದಾರಿಯಲ್ಲಿ ಪೈರು ಮತ್ತೆ ಆಳೆತ್ತರ ಎದ್ದು ನಿಂತಿತ್ತು. ಎದುರಾಳಿ ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಏನೂ ಹೇಳದೆ ದಾಳ ಎತ್ತಿಕೊಂಡ.