ಕಂಬವನ್ನು ಹಿಡಿದು ನಿಲ್ಲಿಸುವುದು ಯಾವುದು?

ಹಂಪಿಯ ಅರಮನೆ ಆವರಣಕ್ಕೆ ಹೋದವರು ಮಹಾನವಮಿ ದಿಬ್ಬ ಹತ್ತುತ್ತಾರೆ, ಪುಷ್ಕರಣಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲೇ ಇರುವ ರಾಜ ಸಭಾಂಗಣದ ಕಟ್ಟೆಯ ಮೇಲೆ ನಿಂತು ನೋಡುವವರು ಕಡಿಮೆ. ಏಕೆಂದರೆ ಅಲ್ಲಿ ಕಟ್ಟಡವೇ ಇಲ್ಲ. ಸಾಲಿಗೆ ಹತ್ತರಂತೆ ಹತ್ತು ಸಾಲು ಕಲ್ಲುಗಳಿವೆ. ಅವುಗಳಲ್ಲಿ ಕಂಬ ಕೂರಿಸಲು ಕೊರೆದ ಕುಳಿಗಳಿವೆ. ಒಂದು ಕಾಲಕ್ಕೆ ಅಲ್ಲಿ ನೂರು ಮರದ ಕಂಬಗಳಿದ್ದವು. ಮೇಲೆ ಹೋಗುವ ಮೆಟ್ಟಿಲು ಉಳಿದಿರುವುದರಿಂದ ಮಹಡಿಯೂ ಇತ್ತು ಎನ್ನುತ್ತಾರೆ. 1565ರ ಯುದ್ಧದ ನಂತರ ಪಟ್ಟಣ ಹಾಳಾದಾಗ ಮರವೆಲ್ಲ ಹೋಯಿತು. ಮರ ಕಲ್ಲನ್ನು ಮುಟ್ಟುತ್ತಿದ್ದ ಜಾಗ ಮಾತ್ರ ಉಳಿಯಿತು.

ಹೊಸಪೇಟೆಯಲ್ಲಿ ಸಿವಿಲ್ ಓದುತ್ತಿರುವ ನನಗೆ ಆ ಕುಳಿಗಳು ಪಠ್ಯಪುಸ್ತಕದ ಚಿತ್ರಕ್ಕಿಂತ ಹೆಚ್ಚು ಕಲಿಸಿವೆ. ಮರವನ್ನು ಕಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ ನಿಲ್ಲಿಸುವಾಗ ಆ ಕೂಡುವ ಜಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಭಾರ ಕೆಳಗೆ ಇಳಿದಾಗ ತಡೆಯುತ್ತದೆಯೇ? ಪಕ್ಕಕ್ಕೆ ತಳ್ಳಿದರೆ ಜಾರದೇ ಇರುತ್ತದೆಯೇ? ಗಾಳಿ ಮೇಲಕ್ಕೆ ಎತ್ತಿದರೆ ಬಿಡದೇ ಇರುತ್ತದೆಯೇ? ಮರದ ಬುಡ ಒಣಗಿಯೇ ಇರುತ್ತದೆಯೇ?

ಹಂಪಿಯ ಕುಳಿಯನ್ನು ಇದೇ ಪ್ರಶ್ನೆಗಳಿಂದ ನೋಡಿ. ಭಾರಕ್ಕೆ ಗಟ್ಟಿ ಕಲ್ಲು ಇದೆ. ಜಾರದಂತೆ ಕುಳಿ ಇದೆ. ಎತ್ತರದ ಕಟ್ಟೆ ನೆಲದ ನೀರನ್ನು ದೂರ ಇಡುತ್ತದೆ, ಮಳೆ ನೀರು ಕುಳಿಗೆ ಬೀಳದಂತೆ ಚಾವಣಿ ಕಾಯುತ್ತದೆ. ಮೂರನೆಯ ಪ್ರಶ್ನೆಗೆ ಮಾತ್ರ ಕಲ್ಲಿನಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಮೇಲಿನ ಮಹಡಿ, ಚಾವಣಿಗಳ ತೂಕವೇ ಇರಬೇಕು. ಅಷ್ಟು ಭಾರ ತಲೆಯ ಮೇಲಿದ್ದರೆ ಕಂಬ ಎಲ್ಲಿಗೂ ಹಾರುವುದಿಲ್ಲ.

ನಮ್ಮ ಕ್ಲಾಸಿನಲ್ಲಿ ತೊಲೆ ಎಷ್ಟು ಬಾಗುತ್ತದೆ, ಕಂಬ ಎಷ್ಟು ಹೊರುತ್ತದೆ ಎಂದು ಪುಟಗಟ್ಟಲೆ ಲೆಕ್ಕ ಮಾಡುತ್ತೇವೆ. ಎರಡು ವಸ್ತು ಕೂಡುವ ಜಾಗದ ಬಗ್ಗೆ ಮಾತು ಕಡಿಮೆ. ಆದರೆ ತೊಂದರೆ ಶುರುವಾಗುವುದು ಹೆಚ್ಚಾಗಿ ಅಲ್ಲೇ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದನ್ನು ಹೊಸಪೇಟೆಯವರು ಮರೆತಿಲ್ಲ. ಸುರ್ಕಿ ಗಾರೆಯ ಕಲ್ಲಿನ ಕಟ್ಟಡ ಅಲ್ಲಾಡಲಿಲ್ಲ, ತುಂಡಾದದ್ದು ಗೇಟನ್ನು ಹಿಡಿದಿದ್ದ ಚೈನ್. ಹಿಡಿದಿರುವ ವಸ್ತು ಚಿಕ್ಕದು ಎಂದು ಅದರ ಕೆಲಸ ಚಿಕ್ಕದಲ್ಲ.

ಈ ಮಾತು ನನಗೆ ಕೈಗೆ ಸಿಕ್ಕಿದ್ದು ಸಂಡೂರಿನಲ್ಲಿ. ರಜೆಯಲ್ಲಿ ಒಂದು ತಿಂಗಳು ಅಲ್ಲಿನ ಬೆಟ್ಟದ ಬುಡದಲ್ಲಿ ಒಂದು ಹಳೆಯ ಅತಿಥಿಗೃಹದ ದುರಸ್ತಿ ಕೆಲಸಕ್ಕೆ ತರಬೇತಿಗೆ ಹೋಗಿದ್ದೆ. ಅದರ ಜಗಲಿಗೆ ಕಾಂಕ್ರೀಟ್ ಕಟ್ಟೆಯ ಮೇಲೆ ಮರದ ನೆಲ ಹಾಕಿದ್ದರು. ಹಾಕಿ ಮೂರೇ ವರ್ಷವಾಗಿತ್ತು, ಕಾಲಿಟ್ಟರೆ ಹಲಗೆ ಕುಣಿಯುತ್ತಿತ್ತು. ಹಲಗೆ ಕಿತ್ತಾಗ ಕಾರಣ ಕಂಡಿತು. ಹಲಗೆಯನ್ನು ಹೊರುವ ಜಂತಿಗಳನ್ನು ನೇರವಾಗಿ ಕಾಂಕ್ರೀಟಿನ ಮೇಲೆ ಮಲಗಿಸಿ, ಅಲುಗಾಡದಿರಲಿ ಎಂದು ಅಕ್ಕಪಕ್ಕ ಸಿಮೆಂಟ್ ಮೆತ್ತಿದ್ದರು. ಕಾಂಕ್ರೀಟಿಗೆ ಸಾದಾ ಮೊಳೆ ಹೊಡೆದಿದ್ದರು. ಜಂತಿಯ ಮೇಲ್ಭಾಗ ಹೊಸದರಂತಿತ್ತು, ಕೆಳಭಾಗ ಕಪ್ಪಾಗಿ ಉಗುರಿಗೆ ಕಿತ್ತು ಬರುತ್ತಿತ್ತು. ಮೊಳೆಗಳು ತುಕ್ಕು ಹಿಡಿದು ಕಡ್ಡಿಯಂತಾಗಿದ್ದವು.

ಅಲ್ಲಿದ್ದ ಮರಗೆಲಸದ ಮೇಸ್ತ್ರಿಗೆ ಅರವತ್ತು ದಾಟಿತ್ತು. ‘ನೋಡಮ್ಮಾ, ಮರದ ತಲೆ ಒದ್ದೆಯಾದ್ರೆ ಬಿಸಿಲಿಗೆ ಒಣಗ್ತೈತೆ. ಕಾಲು ಒದ್ದೆಯಾದ್ರೆ ಯಾರು ಒಣಗಿಸ್ತಾರೆ?’ ಎಂದರು. ಪುಸ್ತಕವೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಮರದಲ್ಲಿನ ತೇವಾಂಶ ಶೇ 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಕಾಂಕ್ರೀಟ್ ಒಣಗಿದಂತೆ ಕಂಡರೂ ಅದರೊಳಗೆ ಸಣ್ಣ ರಂಧ್ರಗಳಿರುತ್ತವೆ. ಬತ್ತಿ ಎಣ್ಣೆ ಎಳೆದಂತೆ ಅದು ನೆಲದ ನೀರನ್ನು ಎಳೆದು ಮರಕ್ಕೆ ಕೊಡುತ್ತಲೇ ಇರುತ್ತದೆ. ಸಿಮೆಂಟ್ ಮೆತ್ತಿದರೆ ಗಾಳಿಯೂ ಆಡುವುದಿಲ್ಲ.

ನಾವು ಮಾಡಿದ ದುರಸ್ತಿ ದೊಡ್ಡದೇನಲ್ಲ. ಮೊದಲು ಕಟ್ಟೆಯ ಮೇಲೆ ನೀರು ನಿಲ್ಲದಂತೆ ಹೊರಗೆ ಇಳಿಜಾರು ಕೊಟ್ಟೆವು. ಪ್ರತಿ ಜಂತಿಯನ್ನೂ ಕಾಂಕ್ರೀಟಿನಿಂದ ಒಂದು ಇಂಚು ಎತ್ತಿ ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಬ್ರ್ಯಾಕೆಟ್‌ಗಳಲ್ಲಿ ಕೂರಿಸಿದೆವು. ಮರದ ಕತ್ತರಿಸಿದ ತುದಿಗಳಿಗೆ ಎರಡು ಸಲ ರಕ್ಷಕ ಲೇಪನ ಬಳಿದೆವು. ಮರ ನೀರು ಕುಡಿಯುವುದು ಬದಿಗಿಂತ ತುದಿಯಿಂದ ಬಹಳ ಬೇಗ. ಗೆದ್ದಲಿಗೆ ಮಣ್ಣಿನ ಚಿಕಿತ್ಸೆ ಹೇಗೆ ಮಾಡಬೇಕು ಎನ್ನುವುದಕ್ಕೆ ಐ.ಎಸ್. 6313 ಎಂಬ ಭಾರತೀಯ ಮಾನಕವೇ ಇದೆ, ಅದನ್ನು ನೋಡಿಕೊಂಡೆವು.

ಬೋಲ್ಟ್ ಹಾಕುವುದರಲ್ಲೂ ಕಲಿಯುವುದಿತ್ತು. ಕಾಂಕ್ರೀಟ್ ಹಸಿ ಇರುವಾಗಲೇ ಆ್ಯಂಕರ್ ಬೋಲ್ಟ್ ನೆಟ್ಟರೆ ಒಳ್ಳೆಯದು. ಗಟ್ಟಿಯಾದ ಮೇಲಾದರೆ ಡ್ರಿಲ್ ಮಾಡಿ ಹಾಕಬೇಕು. ಬಿಗಿದಂತೆ ಒಳಗೆ ಹಿಗ್ಗಿ ಹಿಡಿಯುವ ಫಾಸ್ಟನರನ್ನು ಕಟ್ಟೆಯ ಅಂಚಿಗೆ ತೀರಾ ಹತ್ತಿರ ಹಾಕಿದರೆ ಅಂಚೇ ಒಡೆದು ಬರುತ್ತದೆ. ಅಂಟಿನಿಂದ ಹಿಡಿಯುವ ಕೆಮಿಕಲ್ ಆ್ಯಂಕರ್ ಆದರೆ ತೂತಿನ ದೂಳನ್ನು ಊದಿ, ಬ್ರಷ್ ಹಾಕಿ, ಮತ್ತೆ ಊದಿ ತೆಗೆಯಲೇಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಕಾಂಕ್ರೀಟನ್ನಲ್ಲ, ದೂಳನ್ನು. ನಟ್ ಕೆಳಗೆ ಅಗಲವಾದ ವಾಷರ್ ಇಲ್ಲದಿದ್ದರೆ ನಟ್ ಮರದೊಳಗೇ ಇಳಿಯುತ್ತದೆ. ತಾಮ್ರದ ರಾಸಾಯನಿಕದಿಂದ ಸಂಸ್ಕರಿಸಿದ ಮರಕ್ಕೆ ಸಾದಾ ಕಬ್ಬಿಣದ ಬೋಲ್ಟ್ ಹಾಕಿದರೆ ಅದು ಬೇಗ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು: ಮರ ಒಣಗುತ್ತಾ ಅಡ್ಡಡ್ಡ ಕುಗ್ಗುತ್ತದೆ, ನಟ್ ಸಡಿಲವಾಗುತ್ತದೆ. ಆದ್ದರಿಂದ ಒಂದು ವರ್ಷ ಬಿಟ್ಟು ಬಂದು ಮತ್ತೆ ಬಿಗಿಯಬೇಕು.

ಮರದ ಮನೆಗಳೇ ಹೆಚ್ಚಿರುವ ಅಮೆರಿಕದಲ್ಲಿ ಇದಕ್ಕೆ ಲಿಖಿತ ನಿಯಮವಿದೆ. ಸಾಮಾನ್ಯ ಮನೆಯಲ್ಲಿ ಅಡಿಪಾಯದ ಮೇಲೆ ಮಲಗಿಸುವ ಮೊದಲ ಮರದ ಪಟ್ಟಿಗೆ ಹೆಚ್ಚೆಂದರೆ ಆರು ಅಡಿಗೊಂದರಂತೆ ಅರ್ಧ ಇಂಚಿನ ಬೋಲ್ಟ್ ಇರಬೇಕು, ಅದು ಕಾಂಕ್ರೀಟಿನೊಳಗೆ ಕನಿಷ್ಠ ಏಳು ಇಂಚು ಇಳಿದಿರಬೇಕು. ಜಪಾನಿನ ಹೋರ್ಯೂಜಿ ದೇಗುಲದ ಕಂಬಗಳು ಕಲ್ಲಿನ ಮೇಲೆ ನಿಂತು ಸಾವಿರದ ಮುನ್ನೂರು ವರ್ಷಗಳ ಮೇಲಾಯಿತು. ಅಷ್ಟು ದೂರ ಏಕೆ, 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆಯಲ್ಲಿ ತೇಗದ ಕಂಬಗಳ ಬುಡ ನೋಡಿ, ಒಂದೂ ನೆಲ ಮುಟ್ಟಿಲ್ಲ. ಪ್ರತಿಯೊಂದರ ಕೆಳಗೂ ಕಲ್ಲಿನ ಪೀಠವಿದೆ.

ಇದೆಲ್ಲ ನನ್ನ ಮನೆಯ ಪ್ರಶ್ನೆಯಾದದ್ದು ಈ ವರ್ಷ. ಕಂಪ್ಲಿಯಲ್ಲಿ ನಮ್ಮ ಅಜ್ಜಿ ಇರುವುದು ಮಣ್ಣಿನ ಮಾಳಿಗೆಯ ಮನೆ. ನಡುಮನೆಯಲ್ಲಿ ಆರು ಮರದ ಕಂಬ, ಪ್ರತಿ ಕಂಬದ ಕೆಳಗೆ ಒಂದು ಕಲ್ಲು. ಡ್ಯಾಂನಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಅಂಥ ಮಳೆಗಾಲಗಳಲ್ಲಿ ಮನೆಯ ನೆಲವೂ ತೇವ ಬಿಡುವುದಿಲ್ಲ. ಎರಡು ಕಂಬಗಳ ಬುಡ ಟೊಳ್ಳಾಗಿದೆ. ಮಾಳಿಗೆ ಸೋರುತ್ತದೆ, ಮಣ್ಣು ಹೊತ್ತು ಹಾಕಲು ಆಳುಗಳೂ ಸಿಗುವುದಿಲ್ಲ. ದೊಡ್ಡಪ್ಪನದು ನೇರ ಲೆಕ್ಕ: ಮಣ್ಣು ಇಳಿಸುವುದು, ತಗಡು ಹೊದಿಸುವುದು. ಕಂಬ ಹೇಗಿದ್ದವೋ ಹಾಗೇ ಇರಲಿ. ಅಜ್ಜಿಗೂ ಮನೆ ಬಿಟ್ಟು ಹೊಸಪೇಟೆಗೆ ಬರಲು ಮನಸ್ಸಿಲ್ಲ.

ತಗಡು ಹಾಕುವುದಾದರೆ ಕಂಬಗಳಿಗೆ ಬೋಲ್ಟ್ ಬೇಕು ಎಂದಾಗ ದೊಡ್ಡಪ್ಪ ನಕ್ಕರು. ‘ಇಷ್ಟು ವರ್ಷ ಬೋಲ್ಟ್ ಇಲ್ದೇ ನಿಂತೈತಲ್ಲಮ್ಮಾ, ಈಗ್ಯಾಕೆ ಬೇಕು?’

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಕಾಗದ ಪೆನ್ನು ಹಿಡಿದೆ. ಅರ್ಧ ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತದೆ. ತಗಡು ಅಷ್ಟೇ ಜಾಗಕ್ಕೆ ಐದು ಕೆ.ಜಿ. ಇರಬಹುದು, ಅದನ್ನು ಹಿಡಿಯುವ ಪೈಪುಗಳೂ ಸೇರಿದರೆ ಹತ್ತು. ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್ ಎಂದು ಹಿಡಿದರೆ ಅದರ ಒತ್ತಡ ಚದರ ಮೀಟರಿಗೆ ಸುಮಾರು 90 ಕೆ.ಜಿ.ಯಷ್ಟು. ಅದರಲ್ಲಿ ಅರ್ಧ ಚಾವಣಿಯನ್ನು ಮೇಲಕ್ಕೆ ಎತ್ತಿದರೂ 45 ಕೆ.ಜಿ. ಮಣ್ಣಿನ ಮಾಳಿಗೆಗೆ ಅದು ಲೆಕ್ಕಕ್ಕೇ ಇಲ್ಲ, ತಗಡಿನ ಚಾವಣಿಗೆ ತನ್ನ ತೂಕದ ನಾಲ್ಕು ಪಟ್ಟಿಗಿಂತ ಹೆಚ್ಚು. ಒಂದೊಂದು ಕಂಬ ಸುಮಾರು ಆರು ಚದರ ಮೀಟರ್ ಚಾವಣಿ ಹೊರುತ್ತದೆ. ಅಂದರೆ ತೂಕ ಕಳೆದ ಮೇಲೂ ಪ್ರತಿ ಕಂಬವನ್ನು 200 ಕೆ.ಜಿ.ಗಿಂತ ಹೆಚ್ಚು ಬಲ ಮೇಲಕ್ಕೆ ಎಳೆಯಬಹುದು.

‘ದೊಡ್ಡಪ್ಪಾ, ಇಷ್ಟು ವರ್ಷ ಕಂಬ ಹಿಡಿದದ್ದು ಕಲ್ಲಲ್ಲ, ಮಾಳಿಗೆ ಮಣ್ಣು. ಅದನ್ನೇ ಇಳಿಸ್ತಿದ್ದೀರಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಬೋಲ್ಟ್ ಹೊಡೆದ್ರೆ ಮುಗೀತಾ?’ ಎಂದರು. ಮುಗಿಯುವುದಿಲ್ಲ. ಬೋಲ್ಟ್ ಹಿಡಿಯುವ ಕಲ್ಲೇ ಹಗುರವಾದರೆ ಕಂಬದ ಜತೆ ಅದೂ ಏಳುತ್ತದೆ. ಎರಡು ಅಡಿ ಉದ್ದ, ಅಗಲ, ಆಳದ ಕಾಂಕ್ರೀಟ್ ಹಾಕಿದರೆ ಅದು ಸುಮಾರು 540 ಕೆ.ಜಿ. ಆಗುತ್ತದೆ. ಒಂದು ಬದಿಯ ಬಾಗಿಲು, ಕಿಟಕಿ ತೆರೆದಿದ್ದರೆ ಗಾಳಿ ಒಳಹೊಕ್ಕು ಇನ್ನಷ್ಟು ಎತ್ತುವುದರಿಂದ ಇಷ್ಟು ಹೆಚ್ಚುವರಿ ಬೇಕೇ ಬೇಕು. ತಗಡಿನಿಂದ ಪೈಪಿಗೆ, ಪೈಪಿನಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಕಾಂಕ್ರೀಟಿಗೆ ಹಿಡಿತ ಎಲ್ಲೂ ತಪ್ಪಬಾರದು.

ಲೆಕ್ಕವನ್ನು ಕಾಲೇಜಿನಲ್ಲಿ ಸರ್ ಕೈಯಲ್ಲಿ ನೋಡಿಸಿದೆ. ಅವರು ತಿದ್ದಿ ಒಪ್ಪಿದ ಮೇಲೆಯೇ ಕೆಲಸ ಶುರುವಾದದ್ದು. ಭಾರವಿದ್ದಾಗ ಕಂಬದ ಬುಡ ಮುಟ್ಟುವುದು ಅಪಾಯ. ಆದ್ದರಿಂದ ಮೊದಲು ಮಣ್ಣು ಇಳಿಸಿ, ತೊಲೆಗೆ ಕಬ್ಬಿಣದ ಜಾಕಿ ಕೊಟ್ಟು, ಒಂದು ಸಲಕ್ಕೆ ಒಂದೇ ಕಂಬ. ಕೊಳೆತ ಅರ್ಧ ಅಡಿ ಕತ್ತರಿಸಿ, ಅಷ್ಟು ಎತ್ತರಕ್ಕೆ ಕಾಂಕ್ರೀಟ್ ಪೀಠ. ಅದರ ಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಗ್ಯಾಲ್ವನೈಸ್ ಮಾಡಿಸಿದ ಕಬ್ಬಿಣದ ಬೂಟು: ಕೆಳಗೆ ನಾಲ್ಕು ಆ್ಯಂಕರ್ ಬೋಲ್ಟ್, ಕಂಬದ ಆಚೆ ಈಚೆ ಹಾಯುವ ಎರಡು ಬೋಲ್ಟ್, ಮರಕ್ಕೂ ಕಾಂಕ್ರೀಟಿಗೂ ನಡುವೆ ಒಂದು ಇಂಚು ಗಾಳಿ. ಆರರಲ್ಲಿ ನಾಲ್ಕು ಕಂಬ ಮುಗಿದಿವೆ. ಸಂಡೂರಿನ ಮೇಸ್ತ್ರಿಯೇ ಬಂದು ಎರಡು ದಿನ ನಿಂತು ಮಾಡಿಸಿದರು. ಹಳೆಯ ಕಲ್ಲುಗಳನ್ನು ಅಜ್ಜಿ ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಹಾಕಿಸಿಕೊಂಡಿದ್ದಾರೆ.

ಕೆಲಸ ಹುಡುಕುತ್ತಿರುವ ನನ್ನ ಸೀನಿಯರ್‌ಗಳು ಮರ ಹಳೆಯ ಕಾಲದ್ದು, ಅದನ್ನು ಕಲಿತು ಏನು ಪ್ರಯೋಜನ ಎನ್ನುತ್ತಾರೆ. ಹಂಪಿ ಸುತ್ತಮುತ್ತಲ ಹೋಂಸ್ಟೇಗಳ ಜಗಲಿ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮರ ಮತ್ತು ಬಿದಿರಿಗೆ ಪ್ರತ್ಯೇಕ ಭಾಗವಿದೆ, ಮರದ ವಿನ್ಯಾಸಕ್ಕೆ ಐ.ಎಸ್. 883 ಇದೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ಸಂಶೋಧನೆಗೆಂದೇ ಕೇಂದ್ರದ ಸಂಸ್ಥೆ ಇದೆ. ಹಳೆಯ ಮನೆಗಳಂತೂ ಪ್ರತಿ ಊರಿನಲ್ಲೂ ಇವೆ, ಅವುಗಳ ಮಾಳಿಗೆ ಇಳಿಸಿ ತಗಡು ಹೊದಿಸುವವರೂ ಇದ್ದಾರೆ.

ನಿಮ್ಮ ಮನೆಯಲ್ಲೂ ಅಂಥ ಮಾತು ನಡೆದಿದ್ದರೆ ಮಣ್ಣು ಇಳಿಸುವ ಮೊದಲು ಕಂಬದ ಬುಡದಲ್ಲಿ ಕುಳಿತು ನೋಡಿ. ಚಾಕುವಿನ ತುದಿಯಿಂದ ಒತ್ತಿ ಮರ ಗಟ್ಟಿಯಿದೆಯೇ ಪರೀಕ್ಷಿಸಿ. ಇದನ್ನು ಈಗ ಹಿಡಿದಿರುವುದು ಯಾವುದು ಎಂದು ಕೇಳಿಕೊಳ್ಳಿ. ಉತ್ತರ ‘ಮೇಲಿನ ಭಾರ’ ಎಂದಾದರೆ ಆ ಭಾರ ಇಳಿಯುವ ದಿನಕ್ಕೆ ಮುಂಚೆ ಬೋಲ್ಟ್ ಬಂದಿರಬೇಕು.