ಹೆಣ್ಣಿನ ಹಸಿವೂ ತಿಂಗಳ ಲೆಕ್ಕವೂ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಮನೆಯಿಲ್ಲ. ಆದರೆ ಊಟ ಬಲ್ಲ ಗೃಹಿಣಿಗೂ ತಿಂಗಳಿನಲ್ಲಿ ಕೆಲವು ದಿನ ಈ ಲೆಕ್ಕ ಏರುಪೇರಾಗುವುದುಂಟು. ಹೋದ ವಾರ ಎರಡು ದೋಸೆಗೆ ಸಾಕೆಂದವಳಿಗೆ ಈ ವಾರ ಮೂರಾದರೂ ತೃಪ್ತಿಯಿಲ್ಲ. ಮಧ್ಯಾಹ್ನದ ಊಟ ಮುಗಿದ ಗಂಟೆಯೊಳಗೆ ಕೋಡುಬಳೆಯ ಡಬ್ಬಿಯತ್ತ ಮನಸ್ಸು ಹರಿಯುತ್ತದೆ. ನಾಲಗೆಯ ಚಪಲವೆಂದು ಮನೆಯವರು ನಗುತ್ತಾರೆ, ಅವಳೂ ನಾಚಿಕೊಳ್ಳುತ್ತಾಳೆ. ಶರೀರಶಾಸ್ತ್ರ ಮಾತ್ರ ಈ ಆರೋಪವನ್ನು ಒಪ್ಪುವುದಿಲ್ಲ. ಈ ಏರಿಳಿತದ ಹಿಂದೆ ಹಾರ್ಮೋನುಗಳ ಕೈವಾಡವಿದೆ.

ಹಸಿವಿನ ದೂತರು

ಒಂದು ಅಂಗದಲ್ಲಿ ಹುಟ್ಟಿ, ರಕ್ತದ ಮೂಲಕ ಸಾಗಿ, ಮತ್ತೊಂದು ಅಂಗಕ್ಕೆ ಆಜ್ಞೆ ಮುಟ್ಟಿಸುವ ರಾಸಾಯನಿಕ ದೂತನಿಗೆ 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗರು ‘ಹಾರ್ಮೋನ್’ ಎಂಬ ಹೆಸರನ್ನು ಬಳಕೆಗೆ ತಂದರು. ಹಸಿವಿಗೆ ಸಂಬಂಧಿಸಿದ ದೂತರಲ್ಲಿ ಮೂವರು ಮುಖ್ಯರು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಕಂಡುಹಿಡಿದ ಗ್ರೆಲಿನ್ ಜಠರದಲ್ಲಿ ಹುಟ್ಟಿ, ಊಟಕ್ಕೆ ಮುನ್ನ ಏರಿ, ಉಂಡ ಮೇಲೆ ಇಳಿಯುತ್ತದೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫ್ರೀಡ್‌ಮನ್ ಮತ್ತು ಸಂಗಡಿಗರು ಬೆಳಕಿಗೆ ತಂದ ಲೆಪ್ಟಿನ್, ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ವರದಿ ಮಾಡುತ್ತದೆ. ಸಣ್ಣ ಕರುಳಿನಿಂದ ಹೊರಡುವ ಕೊಲೆಸಿಸ್ಟೊಕೈನಿನ್ ‘ಇನ್ನು ಸಾಕು’ ಎನ್ನುತ್ತದೆ.

ಅಂಡಾಶಯದ ಅಧಿಕಾರ

ಈ ಮೂವರ ಮಾತಿಗೆ ಮಿದುಳು ಎಷ್ಟು ಕಿವಿಗೊಡಬೇಕೆಂಬುದರಲ್ಲಿ ಅಂಡಾಶಯದ ಈಸ್ಟ್ರೊಜೆನ್ನಿಗೆ ದೊಡ್ಡ ಪಾತ್ರವಿದೆ. ಅಂಡಾಶಯವನ್ನು ತೆಗೆದ ಹೆಣ್ಣಿಲಿಗಳು ಪ್ರತಿ ಸಲವೂ ಹೆಚ್ಚು ತಿಂದು ತೂಕವೇರುತ್ತವೆ. ಈಸ್ಟ್ರೊಜೆನ್ ಕೊಟ್ಟರೆ ಮತ್ತೆ ಹದಕ್ಕೆ ಬರುತ್ತವೆ. ಈಸ್ಟ್ರೊಜೆನ್ ಇರುವಾಗ ಕರುಳಿನ ‘ಸಾಕು’ ಬಲಗೊಳ್ಳುತ್ತದೆ, ಗ್ರೆಲಿನ್ನಿನ ‘ಬೇಕು’ ಕುಗ್ಗುತ್ತದೆ ಎಂದು ಇಂಥ ಪ್ರಯೋಗಗಳು ತೋರಿಸಿವೆ.

ಸ್ತ್ರೀಯರಲ್ಲಿಯೂ ಇದೇ ಜಾಡು ಕಾಣುತ್ತದೆ. ಅಂಡ ಬಿಡುಗಡೆಯಾಗುವ ಮುನ್ನ ಈಸ್ಟ್ರೊಜೆನ್ ಶಿಖರಕ್ಕೇರುತ್ತದೆ. ಆಗ ಊಟ ಕಡಿಮೆ. ಅನಂತರ ಪ್ರೊಜೆಸ್ಟರಾನ್ ಏರಿ ಈಸ್ಟ್ರೊಜೆನ್ನಿನ ಹಿಡಿತವನ್ನು ಸಡಿಲಿಸುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಸಿವು ಹೆಚ್ಚುತ್ತದೆ. ಈ ಹೆಚ್ಚಳ ಸಾಮಾನ್ಯವಾಗಿ ಅಲ್ಪ. ಎಲ್ಲರಲ್ಲಿಯೂ ಒಂದೇ ಸಮನಲ್ಲ.

ಗರ್ಭಿಣಿಯ ದೇಹದ ಜಾಣ್ಮೆ ಇನ್ನೂ ವಿಸ್ಮಯಕರವಾದುದು. ಕೊಬ್ಬಿನ ಜೊತೆಗೆ ಮಾಸವೂ ಲೆಪ್ಟಿನ್ನನ್ನು ತಯಾರಿಸುವುದರಿಂದ ಅದರ ಪ್ರಮಾಣ ಏರುತ್ತದೆ. ಆದರೂ ತಾಯಿಯ ಹಸಿವು ಅಡಗುವುದಿಲ್ಲ. ಗರ್ಭಕಾಲದಲ್ಲಿ ಮಿದುಳು ಆ ವರದಿಗೆ ಕಿವುಡಾಗುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಾದರೋ ಈಸ್ಟ್ರೊಜೆನ್ ಇಳಿದು, ಕೊಬ್ಬು ತೊಡೆ ಸೊಂಟಗಳನ್ನು ಬಿಟ್ಟು ಹೊಟ್ಟೆಯ ಸುತ್ತ ಶೇಖರವಾಗತೊಡಗುತ್ತದೆ.

ಉಪವಾಸದ ಬೆಲೆ

ಈ ಸಂಬಂಧ ಒಂದೇ ದಿಕ್ಕಿನದಲ್ಲ. ತೆಳ್ಳಗಾಗುವ ಹಟದಿಂದ ತರುಣಿಯೊಬ್ಬಳು ಊಟ ಬಿಟ್ಟು ಸೊರಗಿದರೆ ಲೆಪ್ಟಿನ್ ಕುಸಿಯುತ್ತದೆ. ‘ಉಗ್ರಾಣ ಬರಿದಾಗಿದೆ, ಮಗುವನ್ನು ಹೊರುವ ಕಾಲವಿದಲ್ಲ’ ಎಂದು ಬಗೆದಂತೆ ಮಿದುಳು ಅಂಡಾಶಯಕ್ಕೆ ಕಳುಹಿಸುವ ಪ್ರೇರಣೆಯನ್ನು ತಗ್ಗಿಸುತ್ತದೆ, ಮುಟ್ಟು ನಿಲ್ಲುತ್ತದೆ. ಹೀಗೆ ಮುಟ್ಟು ನಿಂತಿದ್ದ ಕೆಲವು ಸ್ತ್ರೀಯರಿಗೆ ಲೆಪ್ಟಿನ್ ಚುಚ್ಚುಮದ್ದನ್ನು ಕೊಟ್ಟಾಗ ಅವರಲ್ಲಿ ಹಲವರ ಋತುಚಕ್ರ ಮರಳಿತೆಂದು 2004ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಈಸ್ಟ್ರೊಜೆನ್ ಬಹುಕಾಲ ಕಡಿಮೆಯಾದರೆ ಎಲುಬುಗಳೂ ಟೊಳ್ಳಾಗುತ್ತವೆ. ಕನ್ನಡಿಯ ಮುಂದೆ ಗಳಿಸಿದ ಸಣ್ಣ ಸೊಂಟಕ್ಕೆ ಇದು ಬಲು ದುಬಾರಿ ಬೆಲೆ.

ಆದುದರಿಂದ ಮುಟ್ಟಿಗೆ ಮುಂಚಿನ ಹಸಿವನ್ನು ಉಪವಾಸದಿಂದ ದಂಡಿಸಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ರಾಗಿ, ಕಾಳು, ಸೊಪ್ಪು, ಮೊಸರುಗಳ ಊಟವಿದ್ದರೆ ಕರಿದ ತಿಂಡಿಯ ಸೆಳೆತ ತಾನಾಗಿ ತಗ್ಗೀತು. ಗರ್ಭಿಣಿಯಲ್ಲದವಳಿಗೆ ಕ್ರಮವಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ಬಾರದಿದ್ದರೆ ಮಾತ್ರ ವೈದ್ಯರನ್ನು ಕಾಣಲು ತಡಮಾಡಬಾರದು. ಎಲ್ಲರಿಗೂ ಬಡಿಸಿ, ಉಳಿದುದನ್ನು ಕೊನೆಗೆ ಉಣ್ಣುವ ಗೃಹಿಣಿಯ ತಟ್ಟೆಯತ್ತ ಮನೆಯವರೂ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.