ಸ್ಪ್ಯಾನಿಷ್ ಕ್ರಿಯಾಪದ, ಕನ್ನಡದ ಕಿವಿ

ಲೆಮಿಂಗ್ಟನ್ ಸ್ಪಾದ ಹೆಸರು ಹೇಳುವಾಗ ಇಲ್ಲಿನವರು ‘ಲೆ’ ಮೇಲೆ ಒತ್ತು ಹಾಕಿ, ಕೊನೆಯ ಸ್ವರವನ್ನು ಅರ್ಧ ನುಂಗುತ್ತಾರೆ. ನಾವು ಕನ್ನಡಿಗರು ಎಲ್ಲ ಅಕ್ಷರಗಳಿಗೂ ಸಮಪಾಲು ಕೊಡುತ್ತೇವೆ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುವ ನಮ್ಮ ಮಕ್ಕಳಿಗೆ ಈ ಎರಡು ಅಭ್ಯಾಸಗಳೂ ಬೇಕು.

ಕನ್ನಡದಲ್ಲಿ ಅರ್ಥವನ್ನು ಬದಲಿಸುವುದು ಸ್ವರದ ಉದ್ದ. ‘ಅಳುತ್ತಾನೆ’ ಎಂಬುದಕ್ಕೂ ‘ಆಳುತ್ತಾನೆ’ ಎಂಬುದಕ್ಕೂ ಎಷ್ಟು ಅಂತರ! ಸ್ಪ್ಯಾನಿಷ್‌ನಲ್ಲಿ ಆ ಕೆಲಸವನ್ನು ಒತ್ತು ಮಾಡುತ್ತದೆ. (ಒತ್ತು ಬೀಳುವ ಕಡೆ ಇಲ್ಲಿ ದೀರ್ಘ ಬರೆದಿದ್ದೇನೆ.) ‘ತೋ-ಮೊ’ ಎಂದರೆ ‘ತೆಗೆದುಕೊಳ್ಳುತ್ತೇನೆ’; ‘ತೊ-ಮೋ’ ಎಂದರೆ ‘ತೆಗೆದುಕೊಂಡ’ ಅಥವಾ ‘ತೆಗೆದುಕೊಂಡಳು’. ಕನ್ನಡದಂತೆ ಅಲ್ಲಿಯೂ ‘ನಾನು’, ‘ಅವನು’ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಮಾತ್ರೆ ನುಂಗಿದವರು ಯಾರು, ಯಾವಾಗ ಎಂಬ ವೈದ್ಯರ ಎರಡು ಪ್ರಶ್ನೆಗಳಿಗೂ ಆ ಒಂದು ಒತ್ತೇ ಉತ್ತರ.

ಒತ್ತು ಎಲ್ಲಿ ಎಂಬುದಕ್ಕೆ ನಿಯಮ ಸರಳ. ಪದದ ಕೊನೆಯಲ್ಲಿ ಸ್ವರ, ‘ನ್’ ಅಥವಾ ‘ಸ್’ ಇದ್ದರೆ ಕೊನೆಯಿಂದ ಎರಡನೆಯ ಭಾಗಕ್ಕೆ ಒತ್ತು: ‘ತೊ-ಮಾ-ಮೊಸ್’ (ತೆಗೆದುಕೊಳ್ಳುತ್ತೇವೆ). ಬೇರೆ ವ್ಯಂಜನವಿದ್ದರೆ ಕೊನೆಯ ಭಾಗಕ್ಕೆ: ‘ತೊ-ಮಾರ್’ (ತೆಗೆದುಕೊಳ್ಳುವುದು). ಈ ನಿಯಮ ಮೀರಿದರೆ ಸ್ವರದ ತಲೆಯ ಮೇಲೆ ಓರೆಗೆರೆ ಬರುತ್ತದೆ. ‘ತೊ-ಮೋ’ಗೆ ಇರುವುದು ಅದೇ.

ಪದವನ್ನು ಒಡೆಯುವಾಗ ಲಿಪಿಯನ್ನಲ್ಲ, ಕಿವಿಯನ್ನು ನಂಬಬೇಕು. ನಾವು ‘ಅ-ಕ್ಕ’ ಎಂದು ಬರೆದರೂ ನುಡಿಯುವುದು ‘ಅಕ್-ಕ’. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸು ಹೇಳುವುದು ಇದಕ್ಕೇ. ಹಾಗೆಯೇ ‘ಹಾಡುತ್ತೇನೆ’ ಎಂಬುದು ‘ಕಾನ್-ತೊ’. ಆದರೆ ‘ಬ್ಲ’, ‘ತ್ರ’ದಂಥ ಜೋಡಿಗಳನ್ನು ಸ್ಪ್ಯಾನಿಷ್ ಒಡೆಯುವುದಿಲ್ಲ: ‘ಮಾತಾಡುತ್ತೇನೆ’ ಎಂಬುದು ‘ಆ-ಬ್ಲೊ’.

ಮಕ್ಕಳು ಬಾಯಿಪಾಠ ಮಾಡುವ ಅನಿಯಮಿತ ರೂಪಗಳಲ್ಲಿಯೂ ಎಷ್ಟೋ ಒತ್ತಿನ ಫಲ. ‘ಯೋಚಿಸು’ ಎಂಬರ್ಥದ ಧಾತುವಿನಲ್ಲಿ ಒತ್ತು ಮೊದಲ ಸ್ವರಕ್ಕೆ ಬಿದ್ದರೆ ‘ಎ’ ಒಡೆದು ‘ಯೆ’ ಆಗುತ್ತದೆ: ‘ಪ್ಯೇನ್-ಸೊ’ (ಯೋಚಿಸುತ್ತೇನೆ). ಒತ್ತು ಮುಂದೆ ಸರಿದರೆ ‘ಎ’ ಹಾಗೇ ಉಳಿಯುತ್ತದೆ: ‘ಪೆನ್-ಸಾ-ಮೊಸ್’ (ಯೋಚಿಸುತ್ತೇವೆ). ಇಂಥ ಬಹುಪಾಲು ಕ್ರಿಯಾಪದಗಳ ವರ್ತಮಾನಕಾಲದಲ್ಲಿ ‘ನಾವು’ ರೂಪ ಬೇರೆಯಾಗಿ ಕಾಣುವುದು ಇದರಿಂದಲೇ.

ಇಂಗ್ಲಿಷ್ ಒಂದನ್ನೇ ಬಲ್ಲ ಮಗು ಒತ್ತಿಲ್ಲದ ಸ್ವರಗಳನ್ನು ನುಂಗುತ್ತದೆ. ಸ್ಪ್ಯಾನಿಷ್ ಅದನ್ನು ಸಹಿಸದು. ಕನ್ನಡ ಒಂದನ್ನೇ ಬಲ್ಲವರಿಗೆ ಒತ್ತು ಕೇಳಿಸುವುದು ಕಷ್ಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ತುಂಬು ಸ್ವರವೂ ಇದೆ, ಒತ್ತಿನ ಕಿವಿಯೂ ಇದೆ. ಮನೆಮಾತು ಪರಭಾಷೆಯ ಕಲಿಕೆಗೆ ಅಡ್ಡಿ ಎನ್ನುವ ಹಿರಿಯರು ಇದನ್ನೊಮ್ಮೆ ಗಮನಿಸಬೇಕು.